ಮೇಲ್ಮನವಿಗೆ ಕಾಲಮಿತಿಯಿಲ್ಲ

"ನಾಲ್ಕು ಗಂಟೆಗೆ ಎಲ್ಲರ ಜೊತೆ ಮೆಟ್ಟಿಲಿಳಿದೆ. ಪೊಲೀಸರಿಗೂ ಅದನ್ನೇ ಹೇಳಿದೀನಿ," ಎಂದರು ಗಡಿಯಾರಣ್ಣ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯಲಿಲ್ಲ.

"ಇಳಿದದ್ದು ನಿಜ. ಮತ್ತೆ ಹತ್ತಲಿಲ್ವಾ?"

ಅವರ ಕೈಯ ಚಿಮಟ ನಿಂತಿತು. ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪಿತ್ತು. ಅದನ್ನು ಬಟ್ಟಲಿಗೆ ಹಾಕಲು ಹೋಗಿ ಗುರಿ ತಪ್ಪಿದರು. ನಲವತ್ತು ವರ್ಷದಿಂದ ಕೈಗಡಿಯಾರ ರಿಪೇರಿ ಮಾಡುವ ಕೈ ಅದು, ಸುಮ್ಮನೆ ಗುರಿ ತಪ್ಪುವ ಕೈಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಾನು ಚೀಲದಿಂದ ಅಣ್ಣನ ನೋಟ್‌ಬುಕ್ಕು ತೆಗೆದು ಗಾಜಿನ ಮೇಜಿನ ಮೇಲಿಟ್ಟೆ.

ಅಣ್ಣ ಪ್ರತಿ ಭಾನುವಾರ ಆಟ ಆಡಿಸುತ್ತಿದ್ದ ತನ್ನ ಬಾಡಿಗೆ ಕೋಣೆಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದು ಇವತ್ತಿಗೆ ಹತ್ತೊಂಬತ್ತು ದಿನ. ಆಕಸ್ಮಿಕ ಎಂದು ಬರೆದು ಫೈಲು ಮುಚ್ಚುವುದು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ. ಇನ್‌ಸ್ಪೆಕ್ಟರ್ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. "ಮೇಡಂ, ಅಲ್ಲೀವರೆಗೆ ತಡೀತೀನಿ, ಆಮೇಲೆ ನನ್ನ ಕೈಲಿಲ್ಲ," ಎಂದಿದ್ದ. ನಾನು ಮೂವತ್ತೊಂದು ವರ್ಷ ಕೈಬರಹ ಪರೀಕ್ಷಕಿಯಾಗಿದ್ದವಳು. ಕಳ್ಳ ರುಜು, ಸುಳ್ಳು ಉಯಿಲು, ಬೆದರಿಕೆ ಪತ್ರ ಎಲ್ಲ ನನ್ನ ಕಣ್ಣ ಕೆಳಗೆ ಹಾದು ಹೋಗಿವೆ. ಆದರೆ ಒಡಹುಟ್ಟಿದವನ ಬರಹವನ್ನು ಹನ್ನೊಂದು ವರ್ಷ ತೆರೆದು ನೋಡಿರಲಿಲ್ಲ.

"ಇದರ ಎಂಬತ್ತಾರನೇ ಪುಟ ನೋಡಿ," ಎಂದೆ.

"ನೋಡೋದೇನಿದೆ. ಅವತ್ತು ದೀಪದಾಕೆ ಸತ್ತಳು. ಅಷ್ಟೇ."

ಗೊತ್ತಿಲ್ಲದವರು ಕೇಳಿದರೆ ಕೊಲೆಯೊಂದರ ಸುದ್ದಿ ಅಂದುಕೊಂಡಾರು. ದೀಪದಾಕೆ ಒಂದು ಪಾತ್ರ. ಅಣ್ಣನ ಆಟದಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ. ಮೇಜಿನ ತಲೆಯಲ್ಲಿ ಸೂತ್ರಧಾರ ಕೂರುತ್ತಾನೆ, ಒಂದು ಲೋಕವನ್ನು ಬಾಯಲ್ಲೇ ಕಟ್ಟುತ್ತಾನೆ. 'ಎದುರಿಗೆ ಮುರಿದ ಸೇತುವೆ, ಹಿಂದೆ ಸೈನಿಕರು. ಏನು ಮಾಡ್ತೀಯ?' ಎಂದು ಕೇಳುತ್ತಾನೆ. ಸುತ್ತ ಕೂತವರು ತಮ್ಮ ತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ. ಹಾರಿದರೆ ದಾಟುತ್ತೇವೋ ಬೀಳುತ್ತೇವೋ ಎಂಬ ಅನುಮಾನ ಬಂದ ಕಡೆ ಎರಡು ದಾಳ ಉರುಳುತ್ತವೆ. ಎಂಟು ಅಥವಾ ಮೇಲೆ ಬಿದ್ದರೆ ಗೆಲುವು. ತೀರಾ ಕಡಿಮೆ ಬಿದ್ದರೆ ಸಾವು. ಕೆಲವರು ಒಂದೇ ಪಾತ್ರವನ್ನು ಹತ್ತಾರು ವರ್ಷ ಬಾಳಿಸುತ್ತಾರೆ. ಹೊರಗಿನವರಿಗೆ ಇದು ಹುಡುಗಾಟ. ಆಡಿದವರಿಗೆ ಗೊತ್ತು.

ದಾಳ ಎಸೆಯುವವನು ಸೂತ್ರಧಾರ, ಅದೂ ರಟ್ಟಿನ ಮರೆಯೊಂದರ ಹಿಂದೆ. ಬಿದ್ದ ಸಂಖ್ಯೆ ಅವನೊಬ್ಬನಿಗೇ ಕಾಣುತ್ತದೆ. ಅಣ್ಣ ಪ್ರತಿ ಎಸೆತವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಪುಟಕ್ಕೆ ಎರಡು ಕಲಂ. ಎಡಕ್ಕೆ 'ದಾಳ ಹೇಳಿದ್ದು'. ಬಲಕ್ಕೆ 'ನಾನು ಹೇಳಿದ್ದು'.

"ಆಟ ಮುಗಿದ ಮೇಲೆ ಅಣ್ಣ ಇಲ್ಲೊಂದು ಗೆರೆ ಎಳೆದಿದಾನೆ," ಎಂದು ಬೆರಳಿಟ್ಟು ತೋರಿಸಿದೆ. "ಗೆರೆ ಮೇಲೆ 'ದೀಪದಾಕೆ, ಮರಣ' ಅಂತಿದೆ. ಗೆರೆ ಕೆಳಗೆ ಅದೇ ದೀಪದಾಕೆ ಹೆಸರಲ್ಲಿ ಆರು ಎಸೆತ. ಒಂಬತ್ತು, ಐದು, ಎಂಟು, ಆರು, ಹನ್ನೊಂದು, ನಾಲ್ಕು. ಎರಡು ಕಲಂನಲ್ಲೂ ಅದೇ ಸಂಖ್ಯೆ. ಸತ್ತವಳಿಗೆ ಯಾರಾದ್ರೂ ದಾಳ ಎಸೀತಾರಾ?"

ಗಡಿಯಾರಣ್ಣನ ಬೆನ್ನ ಹಿಂದೆ ಗೋಡೆಯ ತುಂಬ ಗಡಿಯಾರಗಳಿದ್ದವು, ಒಂದೊಂದರದ್ದು ಒಂದೊಂದು ಹೊತ್ತು. ರಿಪೇರಿ ಮುಗಿದ ನಾಲ್ಕೈದು ಮಾತ್ರ ಬೆಳಗಿನ ಹನ್ನೊಂದೂವರೆ ತೋರಿಸುತ್ತಿದ್ದವು.

"ಅವತ್ತು ಆಡಿದ ಉಳಿದಿಬ್ಬರು, ನರ್ಸಮ್ಮನೂ ಕಂಡಕ್ಟರೂ, ನಾಲ್ಕೂ ಹತ್ತರ ಒಂದೇ ಬಸ್ಸು ಹಿಡಿದರು. ಟಿಕೆಟ್ಟಿದೆ. ನೀವು ನಡೆದು ಹೋಗ್ತೀನಿ ಅಂದ್ರಿ. ಕೆಳಗಿನ ಮನೆಯಾಕೆ ಅಣ್ಣ ಬಿದ್ದ ಸದ್ದು ಕೇಳಿದ್ದು ಐದೂ ಮುಕ್ಕಾಲಿಗೆ. ನಡುವೆ ನೀವೆಲ್ಲಿದ್ರಿ?"

"ಅಕ್ಷರಮ್ಮ," ಎಂದರು ಅವರು.

ಆಟದ ಮೇಜಿನಲ್ಲಿ ನನಗಿದ್ದ ಹೆಸರು ಅದು. ಹನ್ನೊಂದು ವರ್ಷದ ಮೇಲೆ ಅದನ್ನು ಕೇಳುತ್ತಿದ್ದೆ. ಕೇಳಲು ಬಂದವಳು ಹೀಗೆ ಕರಗಿದರೆ ಕೆಲಸ ಕೆಡುತ್ತದೆಂದು ನೋಟ್‌ಬುಕ್ಕಿನ ಕಡೆ ನೋಡಿದೆ.

"ಮೇಲ್ಮನವಿ ನಿಯಮ ನಿಮಗೆ ಗೊತ್ತಾ?" ಎಂದು ಕೇಳಿದರು.

"ಮೊನ್ನೆ ಗೊತ್ತಾಯ್ತು."

ಅಣ್ಣ ಇಪ್ಪತ್ತು ವರ್ಷದಿಂದ ತಿದ್ದುತ್ತಿದ್ದ ನಿಯಮಗಳ ಹಸ್ತಪ್ರತಿಯನ್ನು ಮೊನ್ನೆ ಓದಿದೆ. ಪಾತ್ರ ಸತ್ತ ಆಟಗಾರ ಒಬ್ಬನೇ ಬಂದು ಆ ಕೊನೆಯ ದೃಶ್ಯವನ್ನು ಒಂದೇ ಒಂದು ಸಲ ಮತ್ತೆ ಆಡಬಹುದು. ಮರೆ ಇರಬಾರದು, ದಾಳ ಬಯಲಲ್ಲಿ ಬೀಳಬೇಕು. ಆರು ಎಸೆತದಲ್ಲಿ ನಾಲ್ಕು ಗೆದ್ದರೆ ಪಾತ್ರ ಎದ್ದು ಕೂರುತ್ತದೆ. ಮೇಲ್ಮನವಿಗೆ ಕಾಲಮಿತಿಯಿಲ್ಲ. ಅಂಚಿನಲ್ಲಿ ಅಣ್ಣ ಪೆನ್ಸಿಲಿನಲ್ಲಿ ಬರೆದಿದ್ದ: 'ತಂಗಿ ಕೇಳಿದ್ದು.'

ಕೇಳಿದ್ದು ನಿಜ. ಹನ್ನೊಂದು ವರ್ಷದ ಹಿಂದೆ ಆಟದಲ್ಲಿ ನನ್ನ ಪಾತ್ರವಾಗಿದ್ದ ಬೇಹುಗಾತಿ ಸತ್ತ ದಿನ 'ಇನ್ನೊಂದು ಅವಕಾಶ ಕೊಡು' ಎಂದು ಕೂಗಿದ್ದೆ. ಅಂಥ ನಿಯಮ ಇಲ್ಲ ಎಂದಿದ್ದ. ನಾನು ಹೋದ ಮೇಲೆ ಮಾಡಿದ್ದಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮಿಬ್ಬರದ್ದೂ ಅದೇ ಕಥೆ.

"ಆರರಲ್ಲಿ ಮೂರು ಗೆದ್ರಿ," ಎಂದೆ. "ಒಂಬತ್ತು, ಎಂಟು, ಹನ್ನೊಂದು. ಕೊನೇ ಎಸೆತ ನಾಲ್ಕು. ಸೋತ್ರಿ. ಕೋಪ ಬಂತು."

"ಬಂತು." ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಅದಿದ್ದ ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು. "ಬರದೆ ಏನ್ಮಾಡುತ್ತೆ? ದೀಪದಾಕೆ ನನ್ನ ಪಾತ್ರ ಅಲ್ಲ ಅಂತ ನಿಮಗೆ ನೆನಪಿದೆಯಲ್ಲ."

ನೆನಪಿತ್ತು. ದೀಪದಾಕೆ ಅವರ ಹೆಂಡತಿಯ ಪಾತ್ರ. ಆಕೆ ಹೋಗಿ ಹದಿನಾಲ್ಕು ವರ್ಷ. ಹೋದ ಮುಂದಿನ ಭಾನುವಾರವೇ ಇವರು ಬಂದು ಆಕೆಯ ಕುರ್ಚಿಯಲ್ಲಿ ಕೂತು, ಆಕೆಯ ಕೈಯಲ್ಲೇ ಬರೆದ ಪಾತ್ರದ ಹಾಳೆಯನ್ನು ಮುಂದಿಟ್ಟುಕೊಂಡರು. ಯಾರೂ ಏನೂ ಕೇಳಲಿಲ್ಲ. ಅಣ್ಣ ಮಾತ್ರ, 'ದೀಪದಾಕೆ, ಸುರಂಗದಲ್ಲಿ ಕತ್ತಲೆ. ಏನು ಮಾಡ್ತೀಯ?' ಎಂದ. ಗಡಿಯಾರಣ್ಣ ಹಾಳೆಯನ್ನು ನೇರ ಮಾಡಿ, 'ದೀಪ ಹಚ್ತೀನಿ,' ಎಂದಿದ್ದರು.

"ಮೆಟ್ಟಿಲಿಳಿದು ತಿರುವಿನವರೆಗೆ ಹೋದೆ," ಎಂದರು. "ಅಲ್ಲಿಂದ ಕಾಲು ಮುಂದಕ್ಕೆ ಬರಲಿಲ್ಲ. ವಾಪಸ್ಸು ಹೋದೆ. ಮೇಲ್ಮನವಿ ಕೇಳ್ದೆ. ಐದು ಎಸೆತ ಆದ್ಮೇಲೆ, ಕೊನೇದಕ್ಕೆ ಮರೆ ಹಾಕಪ್ಪಾ ಅಂತ ಬೇಡಿದೆ. ಕಾಲಿಗೆ ಬೀಳೋದೊಂದು ಬಾಕಿ. ಮರೆ ಹಿಂದೆ ಏನೇ ಬೀಳಲಿ, ನೀನು ಎಂಟು ಅಂದ್ಬಿಡು, ನಾನು ನಂಬ್ತೀನಿ ಅಂದೆ."

"ಏನಂದ?"

"'ಇಷ್ಟು ವರ್ಷ ಅಂದಿದೀನಿ. ಇನ್ನೂ ಅಂದ್ರೆ ನೀನು ಸಾಯೋವರೆಗೂ ಅವಳ ಹಾಳೆ ಹಿಡ್ಕೊಂಡೇ ಕೂತಿರ್ತೀಯ. ನಿನ್ನ ಹೆಸರಲ್ಲಿ ಒಂದು ಹಾಳೆ ಯಾವಾಗ ಬರೀತೀಯ?' ಅಂದ. ಬಯಲಲ್ಲಿ ಎಸೆದ. ನಾಲ್ಕು."

ಹಸ್ತಪ್ರತಿಯ ಮೊದಲ ಪುಟ ನೆನಪಾಯಿತು. ನಿಯಮ ಬರೆಯುವವನು ದಾಳಕ್ಕೆ ನ್ಯಾಯ ಬಿಟ್ಟುಕೊಡಬೇಕು, ಸೂತ್ರಧಾರ ಮಾತ್ರ ಮನುಷ್ಯನನ್ನು ನೋಡಬೇಕು ಎಂದು ಅಣ್ಣ ಬರೆದಿದ್ದ. ಮರೆ ಇರುವುದು ದಾಳ ಮುಚ್ಚಿಡಲಿಕ್ಕಲ್ಲ, ಯಾರಿಗೆ ಯಾವಾಗ ಸೋಲು ತಡೆದುಕೊಳ್ಳುವ ಶಕ್ತಿ ಬಂದಿದೆ ಎಂದು ಯೋಚಿಸಲು ಒಂದು ಕ್ಷಣ ಸಿಗಲಿ ಎಂದು. ಓದುವಾಗ, ಇವನ್ಯಾವ ದೇವರ ತಮ್ಮ ಎಂದು ಸಿಟ್ಟೇ ಬಂದಿತ್ತು. ನನ್ನ ಸಿಟ್ಟು ಯಾವತ್ತೂ ನನಗಿಂತ ಒಂದು ಹೆಜ್ಜೆ ಮುಂದೆ.

"ಸಿಟ್ಟಲ್ಲಿ ಒಂದು ಮಾತಂದೆ," ಎಂದರು ಗಡಿಯಾರಣ್ಣ. "'ನಿನ್ನ ತಂಗಿಗೆ ಮಾಡಿದ್ದನ್ನೇ ನನಗೂ ಮಾಡ್ದೆ, ನೀನು ಒಂಟಿಯಾಗಿ ಸಾಯ್ತೀಯ' ಅಂದೆ. ನಾನು ಅವನಿಗೆ ಆಡಿದ ಕೊನೇ ಮಾತು ಅದು. ಹತ್ತೊಂಬತ್ತು ದಿನದಿಂದ ಊಟ ಗಂಟಲಲ್ಲಿ ಇಳೀತಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಅವರಿಗೆ ಹೇಳುವ ಯೋಗ್ಯತೆ ನನಗಿರಲಿಲ್ಲ.

"ನನಗೆ ಅವನು ಏನು ಮಾಡಿದ ಅಂತ ನಿಮಗೆ ಗೊತ್ತಾ?" ಎಂದು ಕೇಳಿದೆ. "ಹಳೇ ನೋಟ್‌ಬುಕ್ಕು ಎಲ್ಲ ತೆಗೆದು ಎಣಿಸಿದೀನಿ. ಆರು ವರ್ಷ ನಾನು ಆಡಿದೆ. ನನ್ನ ಬೇಹುಗಾತಿ ಹೆಸರಿನ ಮುಂದೆ ಎರಡು ಕಲಂ ಬೇರೆ ಬೇರೆ ಇರೋದು ಐವತ್ತಮೂರು ಸಲ. ದಾಳ ಐದು ಅಂದ್ರೆ ಅವನು ಒಂಬತ್ತು ಅಂದಿದಾನೆ. ದಾಳ ಎರಡು ಅಂದ್ರೆ ಅವನು ಎಂಟು ಅಂದಿದಾನೆ. ಐವತ್ತಮೂರು ಸಲ ನನ್ನನ್ನ ಬದುಕಿಸಿದಾನೆ."

"ಗೊತ್ತು."

"ಗೊತ್ತಾ?"

"ಮೇಜಿನ ಸುತ್ತ ಇದ್ದೋರಿಗೆಲ್ಲ ಗೊತ್ತಿತ್ತು ಅಕ್ಷರಮ್ಮ. ಸುಳ್ಳು ಸಂಖ್ಯೆ ಹೇಳುವಾಗ ಅವನು ಕಿವಿ ಕೆರಕೋತಿದ್ದ. ನಿಮಗೊಬ್ಬರಿಗೆ ಗೊತ್ತಿರಲಿಲ್ಲ."

ಜಗತ್ತಿನ ಸುಳ್ಳು ರುಜುಗಳನ್ನೆಲ್ಲ ಹಿಡಿದವಳು ನಾನು. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಇದಕ್ಕೇ.

ಆ ಕೊನೆಯ ಭಾನುವಾರ ನಾನೇ ಎಲ್ಲರೆದುರು ಕೊಚ್ಚಿಕೊಂಡಿದ್ದೆ. 'ನನಗೆ ಯಾರ ದಯೆಯೂ ಬೇಡ, ಇದುವರೆಗೆ ಗೆದ್ದದ್ದೆಲ್ಲ ನನ್ನ ಬುದ್ಧಿಯಿಂದ' ಎಂದಿದ್ದೆ. ಅಣ್ಣ ನನ್ನ ಮುಖ ನೋಡಿ, 'ಖಂಡಿತಾನಾ?' ಎಂದು ಕೇಳಿದ. ಖಂಡಿತ ಎಂದೆ. ಅರ್ಧ ಗಂಟೆಯಲ್ಲಿ ಬೇಹುಗಾತಿ ಸತ್ತಳು. ಆ ದಿನದ ಪುಟದಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು. ಅವನು ನನಗೆ ಮೊದಲ ಸಲ ನಿಜ ಹೇಳಿದ ದಿನ ನಾನು ಅವನನ್ನು ಮೋಸಗಾರ ಎಂದು ಕೂಗಿ, ಮರೆಯನ್ನು ಕಿತ್ತು ನೆಲಕ್ಕೆ ಬಿಸಾಡಿ ಬಂದೆ. ನೋಟ್‌ಬುಕ್ಕು ಅವನ ಕೈಯಲ್ಲೇ ಇತ್ತು. ತೆರೆದು ತೋರಿಸಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ತೋರಿಸಲಿಲ್ಲ. ತೋರಿಸಿದರೆ ನನ್ನ ಐವತ್ತಮೂರು ಗೆಲುವೂ ಹೋಗುತ್ತಿದ್ದವಲ್ಲ.

ಅತ್ತಿಗೆ ತೀರಿಕೊಂಡಾಗಲೂ ಹೋಗಲಿಲ್ಲ ನಾನು. ಅಂಥ ಹಟ. ಮಾತಿಲ್ಲ, ಕಥೆಯಿಲ್ಲ. ನನ್ನ ಗಂಡ ನಡುವೆ ಎರಡು ಮೂರು ಸಲ, 'ಒಮ್ಮೆ ಹೋಗಿ ಬಾ' ಎಂದಿದ್ದರು. ಆಮೇಲೆ ಅವರೂ ಬಿಟ್ಟರು.

"ಸೋತ ಮೇಲೆ ಏನಾಯ್ತು?" ಎಂದು ಕೇಳಿದೆ. ದನಿ ನನಗೇ ಒರಟಾಗಿ ಕೇಳಿಸಿತು. "ತಳ್ಳಿದ್ರಾ?"

ಗಡಿಯಾರಣ್ಣ ನನ್ನನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ಅದರಲ್ಲಿ ಸಿಟ್ಟಾಗಲಿ ಹೆದರಿಕೆಯಾಗಲಿ ಇರಲಿಲ್ಲ. ಮಗುವೊಂದು ಸುಳ್ಳು ಹೇಳುವಾಗ ಹಿರಿಯರು ನೋಡುವ ಹಾಗೆ ನೋಡಿದರು.

"ಇದನ್ನ ನೀವೇ ಕೇಳ್ತಿದೀರಲ್ಲ," ಎಂದರು ನಿಧಾನವಾಗಿ. "ನಾನು ಬಾಯಿ ಬಿಡದೆ ಇದ್ದದ್ದು ಯಾರಿಗೋಸ್ಕರ ಅಂತ ತಿಳ್ಕೊಂಡ್ರಿ?"

"ಯಾರಿಗೋಸ್ಕರ?"

"ನಿಮಗೋಸ್ಕರ."

ನನಗೆ ಅರ್ಥವಾಗಲಿಲ್ಲ.

"ಐದಕ್ಕೆ ಹದಿನೈದು ನಿಮಿಷ ಇತ್ತು ನಾನು ಎದ್ದಾಗ. ಅವನು ಮೂಲೆಯಿಂದ ನಿಮ್ಮ ಕುರ್ಚಿ ಎಳೆದು ತರ್ತಿದ್ದ. ಹನ್ನೊಂದು ವರ್ಷ ಯಾರನ್ನೂ ಕೂರಿಸದೆ ಇದ್ದ ಕುರ್ಚಿ. ಅಂಗಿ ತೋಳಲ್ಲೇ ಧೂಳು ಒರೆಸ್ತಿದ್ದ. ಯಾಕೆ ಅಂದೆ. 'ಐದಕ್ಕೆ ತಂಗಿ ಮೇಲ್ಮನವಿ ಇದೆ' ಅಂದ. ಅವನ ಮುಖ ನೋಡಬೇಕಿತ್ತು ನೀವು. ನಾನು ಬೈದದ್ದೂ ಅವನ ಕಿವಿಗೆ ಹೋಗಿರಲಿಲ್ಲ."

ಗೋಡೆಯ ಗಡಿಯಾರವೊಂದು ಯಾವುದೋ ಲೆಕ್ಕದಲ್ಲಿ ಎರಡು ಬಾರಿಸಿತು.

"ನಾನು ಹೋಗಲಿಲ್ಲ," ಎಂದೆ.

"ಅಕ್ಷರಮ್ಮ, ನನ್ನ ಹತ್ರ ಮುಚ್ಚಿಡೋದು ಬೇಡ. ಅಣ್ಣ ತಂಗಿ, ಮಾತಿಗೆ ಮಾತು ಬೆಳೆದಿರುತ್ತೆ, ಕೈ ತಗುಲಿರುತ್ತೆ. ಬೇಕಂತ ಯಾರೂ ಮಾಡಲ್ಲ. ಹೋದವನು ಹೋದ, ಇರೋಳನ್ನ ಯಾಕೆ ಜೈಲಿಗೆ ಕಳಿಸಲಿ ಅಂತ ಸುಮ್ಮನಿದ್ದೆ. ಅವನಿದ್ದಿದ್ದರೂ ಅದನ್ನೇ ಮಾಡ್ತಿದ್ದ."

"ನಾನು ಅವತ್ತು ಮನೇಲಿದ್ದೆ ಗಡಿಯಾರಣ್ಣ. ಬಾಗಿಲು ಹಾಕ್ಕೊಂಡು ಒಬ್ಬಳೇ ಮಲಗಿದ್ದೆ, ತಲೆನೋವು. ನನಗೆ ಮೇಲ್ಮನವಿ ಅನ್ನೋ ನಿಯಮ ಇದೆ ಅಂತಾನೇ ಗೊತ್ತಿರಲಿಲ್ಲ. ಯಾರಿಗೂ ಬರ್ತೀನಿ ಅಂತ ಹೇಳಲಿಲ್ಲ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೆಂದು ನನಗನಿಸಿದ್ದು ಅವರ ಭುಜ ಕುಸಿದಾಗ.

"ಹಾಗಾದ್ರೆ ಕುರ್ಚಿ ಯಾರಿಗೆ ಒರೆಸಿದ?"

ನಾನು ಅಪರಾಧಿಯನ್ನು ಹಿಡಿಯಲು ಬಂದಿದ್ದೆ. ಅವರು ಹತ್ತೊಂಬತ್ತು ದಿನ ನನ್ನನ್ನೇ ಅಪರಾಧಿ ಅಂದುಕೊಂಡು ಕಾಪಾಡಿದ್ದರು. ಇಬ್ಬರೂ ತಪ್ಪು. ನಡುವೆ ಮೇಜಿನ ಮೇಲೆ ನೋಟ್‌ಬುಕ್ಕೊಂದೇ ಉಳಿಯಿತು.

"ಎಂಬತ್ತೇಳು ಎಂಬತ್ತೆಂಟನೇ ಪುಟದ ಹಾಳೆ ಇಲ್ಲ," ಎಂದೆ. "ಹೊಲಿಗೆ ಹತ್ರ ಬ್ಲೇಡಲ್ಲಿ ಕೊಯ್ದಿದಾರೆ. ನೀವು ಕೊಯ್ದದ್ದು ಅಂದುಕೊಂಡಿದ್ದೆ."

"ನನ್ನ ಸೋಲು ಇಲ್ಲೇ ಇದೆಯಲ್ಲ, ಅದನ್ನ ಬಿಟ್ಟು ಮುಂದಿನದನ್ನ ಕೊಯ್ದು ನನಗೇನಾಗಬೇಕು?"

ಸರಿಯಾದ ಮಾತು. ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಐದು ಗಂಟೆಗೆ ಬಂದವರ ಎಸೆತಗಳು ಆ ಹಾಳೆಯಲ್ಲಿದ್ದವು. ಅದನ್ನು ಕೊಯ್ದವರೂ ಅವರೇ.

ಅವರು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು ತಮ್ಮ ಆರು ಎಸೆತಗಳ ಮೇಲೆ ಬಾಗಿದರು. ಸೋತ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

"ಇದೇನು ಕಲೆ?"

"ನೀರು ಚೆಲ್ಲಿರಬೇಕು. ಅವನ ಪುಸ್ತಕ ಎಲ್ಲ ಹಾಗೇ."

"ನೀರಲ್ಲ, ಅಂಟು. ಇಲ್ಲಿ ನೋಡಿ, ಒಣಗಿ ಸಿಪ್ಪೆ ಎದ್ದಿದೆ. ನಾನಿದ್ದಾಗ ಇದಿರಲಿಲ್ಲ. ಕೊನೇ ಎಸೆತ ಬರೆಯೋವಾಗ ನಾನು ಈ ಹಾಳೆ ಮೇಲೇ ಕಣ್ಣಿಟ್ಟಿದ್ದೆ. ಬಿಳೀ ಹಾಳೆ."

ಅಂಟು ಎಂದ ಕೂಡಲೇ ನಾನೂ ಹಾಳೆಯ ಮೇಲೆ ಬಾಗಿದೆ. ಅಣ್ಣ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದದ್ದು ಒಂದೇ ವಸ್ತು, ಪರವಾನಗಿ ಚೀಟಿ.

ಆಟಗಾರರಿಗೆ ಬರಲಾಗದಿದ್ದರೆ ತಮ್ಮ ಪರವಾಗಿ ಬೇರೆಯವರನ್ನು ಕಳಿಸಬಹುದು. ಬಂದವರು ಆಟಗಾರರ ಕೈಬರಹದ ಚೀಟಿ ತರಬೇಕು, ಸೂತ್ರಧಾರ ಅದನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳಬೇಕು. ಈ ನಿಯಮ ಅಣ್ಣನದಲ್ಲ, ನಾನು ಬರೆದದ್ದು. ಚೀಟಿಗೆ ದಿನಾಂಕ ಇರಲಿ ಎಂದು ಅಣ್ಣ ಹೇಳಿದ್ದ. ನಾನು ನಕ್ಕಿದ್ದೆ. 'ಕೈಬರಹ ಇದ್ದರೆ ಸಾಕು. ಕೈಬರಹ ಸುಳ್ಳು ಹೇಳಲ್ಲ, ನನ್ನ ಹೊಟ್ಟೆಪಾಡೇ ಅದು,' ಎಂದಿದ್ದೆ. ಹಟ ಮಾಡಿ ದಿನಾಂಕದ ಸಾಲನ್ನು ಹೊಡೆದುಹಾಕಿಸಿದೆ. ನನಗದು ಬೇಕಾದದ್ದು ಒಂದೇ ಸಲ, ಜ್ವರದಲ್ಲಿ ಮಲಗಿದ್ದಾಗ. ಚೀಟಿ ಬರೆದದ್ದೂ ಆಗಿತ್ತು. ಅಷ್ಟರಲ್ಲಿ ಜ್ವರ ಇಳಿದು ನಾನೇ ಎದ್ದು ಹೋದೆ.

"ಅವನು ಅಂಟು ಹೆಚ್ಚು ಬಳೀತಿದ್ದ," ಎಂದರು ಗಡಿಯಾರಣ್ಣ. "ಬಳಿದು, ಪುಸ್ತಕ ಮುಚ್ಚಿ, ಮೇಲೆ ಮೊಣಕೈ ಊರಿ ಕೂರ್ತಿದ್ದ. ನೆನಪಿದೆಯಾ?"

ನೆನಪಿತ್ತು. ಹಾಗೆ ಕೂತು ಗಲ್ಲಕ್ಕೆ ಕೈಕೊಟ್ಟು, ಅಂಟು ಹಿಡಿಯುವವರೆಗೆ ಒಂದು ಹಳಸಲು ಜೋಕು ಹೇಳುತ್ತಿದ್ದ. ಹಸಿ ಅಂಟು ಚೀಟಿಯ ಶಾಯಿಯನ್ನು ಕರಗಿಸಿ, ಎದುರು ಪುಟಕ್ಕೆ ಒತ್ತಿದೆ. ಚೀಟಿಯಿದ್ದ ಹಾಳೆ ಹೋಗಿದೆ. ಎದುರು ಪುಟ ಉಳಿದಿದೆ. ಕೊಯ್ದವರಿಗೆ ಅದು ಹೊಳೆದಿಲ್ಲ.

ಗಡಿಯಾರಣ್ಣ ಖಾನೆಯೊಂದರಿಂದ ಅಂಗೈಯಗಲದ ಕನ್ನಡಿ ತೆಗೆದರು. ಗಡಿಯಾರದ ಹಿಂಬದಿ ನೋಡಲು ಬಳಸುವಂಥದು. ದೀಪವನ್ನು ಓರೆಯಾಗಿ ತಿರುಗಿಸಿ, ಕಲೆಯ ಪಕ್ಕ ಕನ್ನಡಿ ನಿಲ್ಲಿಸಿ, ಭೂತಗನ್ನಡಿಯನ್ನು ನನ್ನ ಕೈಗಿತ್ತರು.

"ಇದು ನಿಮ್ಮ ವಿದ್ಯೆ. ನೀವೇ ನೋಡಿ."

ಮಸುಕು ನೀಲಿ. ಮೊದಲ ಸಾಲು ಅಂಟಿನಲ್ಲಿ ಕಲಸಿಹೋಗಿತ್ತು. ಎರಡನೆಯದರಲ್ಲಿ 'ಬರಲಾರೆ' ಎಂಬುದು ಸ್ಪಷ್ಟವಾಗಿತ್ತು. ಕೆಳಗೆ ನನ್ನ ರುಜು.

ನನ್ನ ರುಜುವನ್ನು ಯಾರೋ ನಕಲು ಮಾಡಿದ್ದಾರೆ. ಮೂವತ್ತೊಂದು ವರ್ಷದ ಅಭ್ಯಾಸ, ಮನಸ್ಸು ಮೊದಲು ಹೋದದ್ದೇ ಅಲ್ಲಿಗೆ. ನಕಲು ಮಾಡುವವರು ನಡುವೆ ಲೇಖನಿ ಎತ್ತುತ್ತಾರೆ. ತಿರುವಿನಲ್ಲಿ ತಡೆಯುತ್ತಾರೆ, ಗೆರೆ ನಡುಗುತ್ತದೆ. ಒಂದೊಂದು ಅಕ್ಷರವನ್ನೂ ಮೇಲಿನಿಂದ ಕೆಳಗೆ ಹುಡುಕಿದೆ. ಎತ್ತಿಲ್ಲ, ತಡೆದಿಲ್ಲ, ನಡುಗಿಲ್ಲ. ನ್ಯಾಯಾಲಯದಲ್ಲಿ ನಿಂತು ಪ್ರಮಾಣ ಮಾಡಿ ಹೇಳಬೇಕಾದರೂ ಒಂದೇ ಉತ್ತರ: ಇದು ನನ್ನ ಕೈ.

ಗೆರೆಗಳು ಅಗಲವಾಗಿ, ಎಡಕ್ಕೆ ವಾಲಿದ್ದವು. ಹಾಗೆ ಬರೆಯುತ್ತಿದ್ದದ್ದು ನನ್ನ ಹಳೆಯ ಶಾಯಿ ಪೆನ್ನು. ಅದರ ನಿಬ್ಬು ನೆಲಕ್ಕೆ ಬಿದ್ದು ಮುರಿದು ಎಂಟು ವರ್ಷವಾಯಿತು. ಹಾಗಾದರೆ ಚೀಟಿ ಅದಕ್ಕೂ ಹಿಂದಿನದು. ನಾನು ಜನ್ಮದಲ್ಲಿ ಬರೆದ ಪರವಾನಗಿ ಚೀಟಿ ಒಂದೇ. ಜ್ವರ ಇಳಿದ ದಿನ ಅದನ್ನು ಮಡಚಿ ನನ್ನ ಬರೆಯುವ ಮೇಜಿನ ಡ್ರಾಯರಿಗೆ ಹಾಕಿದ್ದೆ. ಆ ಮೇಜು ನಮ್ಮ ಮಲಗುವ ಕೋಣೆಯಲ್ಲಿದೆ.

ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿದೆ. ನಡುವಿನ ಸಾಲು ಎದ್ದು ಬಂತು.

'ನನ್ನ ಪರವಾಗಿ ನನ್ನ ಗಂಡ ಆಡುತ್ತಾರೆ.'

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಯಿತು.

ಅಣ್ಣ ಬಿದ್ದ ಭಾನುವಾರ ಅವರು ಹಳೆಯ ಸಹೋದ್ಯೋಗಿಯನ್ನು ನೋಡಿ ಬರುತ್ತೇನೆಂದು ಮಧ್ಯಾಹ್ನವೇ ಕಾರು ತೆಗೆದುಕೊಂಡು ಹೋದವರು ಬಂದಾಗ ಕತ್ತಲಾಗಿತ್ತು. ಅಣ್ಣನ ಸಾಮಾನುಗಳನ್ನು ಅವನ ಕೋಣೆಯಿಂದ ತಂದವರು ಅವರೇ, ನನಗೆ ಆ ಕಟ್ಟಡದ ಮೆಟ್ಟಿಲು ಹತ್ತುವ ಧೈರ್ಯವಿರಲಿಲ್ಲ ಎಂದು. ಹತ್ತೊಂಬತ್ತು ದಿನದಿಂದ ನನಗೆ ಕಿತ್ತಳೆ ಸುಲಿದು ಕೊಡುತ್ತಿದ್ದಾರೆ. ಎಳೆ ಎಳೆಯಾಗಿ ಬಿಳಿ ನಾರು ತೆಗೆದು. ಇವತ್ತು ಬೆಳಿಗ್ಗೆ ಕೂಡ, 'ಫೈಲು ಮುಚ್ಚಲಿ ಬಿಡು, ಅವನಿಗೂ ಶಾಂತಿ, ನಿನಗೂ ಶಾಂತಿ,' ಎಂದರು. ನನ್ನನ್ನು ಇಲ್ಲಿಗೆ ಬಿಟ್ಟು ಎದುರು ರಸ್ತೆಯಲ್ಲಿ ಕಾರಿನಲ್ಲಿ ಕಾಯುತ್ತಿದ್ದಾರೆ.

ನನ್ನ ಹೆಸರಲ್ಲಿ ಅಣ್ಣನಿಗೆ ಐದರ ಹೊತ್ತು ಹೇಳಿ, ರಾಜಿ ಮಾಡಿಸಲು ಹೋಗಿದ್ದರೇ? ಸೋತು ಬರಬಾರದೆಂದು, ಗೆದ್ದು ಬಂದು ನನಗೆ ಹೇಳಬೇಕೆಂದು ಹೋಗಿದ್ದರೇ? ಹಾಗಿದ್ದರೆ ಹಾಳೆ ಕೊಯ್ದದ್ದೇಕೆ?

"ಏನು ಕಾಣ್ತು?" ಎಂದರು ಗಡಿಯಾರಣ್ಣ.

ನಾನು ಕನ್ನಡಿಯನ್ನು ಅವರ ಕಡೆ ತಿರುಗಿಸಿದೆ. ಅವರು ಓದಿದರು. ಅಷ್ಟರಲ್ಲಿ ಅಂಗಡಿಯ ಬಾಗಿಲು ತೆರೆಯಿತು.

"ಮುಗೀತಾ?" ನನ್ನ ಗಂಡ ಒಳಗೆ ಬಂದರು. ಕೈಯಲ್ಲಿ ನೀರಿನ ಬಾಟಲಿಯಿತ್ತು. "ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ ನೀನು. ಏನಾದ್ರೂ ಸಿಕ್ತಾ?"

ಗಡಿಯಾರಣ್ಣ ಕನ್ನಡಿ ಮಗುಚಿದರು. ನೋಟ್‌ಬುಕ್ಕು ಮುಚ್ಚಿ, ಅದರ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು ಕೂತರು. ಥೇಟು ಅಣ್ಣನ ಹಾಗೆ.

ಮೂವತ್ತೆರಡು ವರ್ಷ ನನ್ನ ಜೊತೆ ಬಾಳಿದ ಮುಖವನ್ನು ನೋಡಿದೆ. ಎಡ ಕಲಂ ತುಂಬಿತ್ತು. ಬಲ ಕಲಂ ನಾನು ತುಂಬಬೇಕಿತ್ತು.

"ಏನೂ ಸಿಗಲಿಲ್ಲ," ಎಂದೆ. ನನಗೆ ತಿಳಿಯದೆಯೇ ನನ್ನ ಕೈ ಕಿವಿಯ ಹತ್ತಿರ ಹೋಗಿತ್ತು.

ಅವರ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮೇಜಿನ ಮೇಲೆ.

"ಹಾಗಾದ್ರೆ ಇನ್ನೇನು, ಹೊರಡೋಣ. ಆ ಪುಸ್ತಕ ಇಲ್ಲಿ ಕೊಡಿ ಯಜಮಾನ್ರೇ, ನಾನು ಹಿಡ್ಕೊಳ್ತೀನಿ," ಎಂದು ಕೈ ಚಾಚಿದರು.

ಗಡಿಯಾರಣ್ಣನ ಮೊಣಕೈ ಮೇಲೇಳಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಏನು ಮಾಡ್ತೀಯ ಎಂದು ಕೇಳುವ ಸೂತ್ರಧಾರನ ಹಾಗೆ, ನನ್ನ ಉತ್ತರಕ್ಕೆ ಕಾಯುತ್ತ.